ಮಾಂಡವ್ಯನ ಶೂಲ: ರಾಜನಿಗೆ ಕ್ಷಮೆ, ಯಮನಿಗೆ ಶಾಪ ಯಾಕೆ?

ಪ್ರಶ್ನೆ

ಮಹಾಭಾರತದ ಆದಿಪರ್ವದ ಅಣಿಮಾಂಡವ್ಯನ ಕಥೆ ಗೊತ್ತಲ್ಲ. ಮೌನವ್ರತ ಹಿಡಿದು ತೋಳೆತ್ತಿ ನಿಂತ ಋಷಿಯ ಆಶ್ರಮದೊಳಗೆ ಕಳ್ಳರು ಮಾಲಿನ ಸಮೇತ ಅಡಗುತ್ತಾರೆ. ಭಟರು ಕೇಳಿದರೂ ಋಷಿ ಬಾಯಿಬಿಡುವುದಿಲ್ಲ. ಕೊನೆಗೆ ಅವನನ್ನೂ ಶೂಲಕ್ಕೇರಿಸುತ್ತಾರೆ. ಆಮೇಲೆ ಯಮಧರ್ಮನನ್ನು ಕಾರಣ ಕೇಳಿದರೆ, "ನೀನು ಪತಂಗಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದೆ, ಅದರ ಫಲ" ಎನ್ನುತ್ತಾನೆ. ಶೂಲಕ್ಕೇರಿಸಿದ ರಾಜನನ್ನು ಬಿಟ್ಟು, ಕರ್ಮದ ಲೆಕ್ಕ ನೋಡಿದವನಿಗೆ ಶಾಪ ಕೊಡುವುದು ಯಾವ ನ್ಯಾಯ?

ಉತ್ತರ 1

ಘಟನೆಗಳ ಕ್ರಮ ನೋಡಿದರೆ ಗಂಟು ಬಿಚ್ಚುತ್ತದೆ. ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಪಾಠದಲ್ಲಿ (ಹಲವು ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಆವೃತ್ತಿ) ಇದು ಆದಿಪರ್ವದ 101ನೇ ಅಧ್ಯಾಯ. ಶೂಲದ ಮೇಲಿದ್ದಾಗಲೇ ಬೇರೆ ಋಷಿಗಳು ರಾತ್ರಿ ಹಕ್ಕಿಗಳ ರೂಪದಲ್ಲಿ ಬಂದು ವಿಚಾರಿಸುತ್ತಾರೆ. ಆಗ ಅವನು, ಯಾರನ್ನು ದೂರಲಿ, ಬೇರೆ ಯಾರೂ ನನಗೆ ಅಪರಾಧ ಮಾಡಿಲ್ಲ ಎನ್ನುತ್ತಾನೆ. ಅಂದರೆ ಕರ್ಮಸಿದ್ಧಾಂತವನ್ನು ಪೂರ್ತಿ ಒಪ್ಪಿದವನ ಮಾತಿದು. ರಾಜ ತಿಳಿಯದೆ ತಪ್ಪು ಮಾಡಿದ, ತಿಳಿದ ಕೂಡಲೇ ಬಂದು ಕ್ಷಮೆ ಕೇಳಿದ. ಶೂಲ ಕೀಳಲು ಹೋದರೆ ಬರಲಿಲ್ಲ, ಬುಡದಲ್ಲಿ ಕತ್ತರಿಸಿದರು. ತುಂಡು ಮೈಯಲ್ಲೇ ಉಳಿಯಿತು. ಅದನ್ನು ಹೊತ್ತುಕೊಂಡೇ ತಪಸ್ಸು ಮುಂದುವರಿಸಿದವನು ಕೊನೆಗೆ ಯಮನ ಎದುರು ನಿಲ್ಲುತ್ತಾನೆ.

ಯಮನಿಗೆ "ಗೊತ್ತಿರಲಿಲ್ಲ" ಎನ್ನುವ ದಾರಿಯೇ ಇಲ್ಲ. ಎಲ್ಲ ತಿಳಿದೂ ಅಳತೆ ತಪ್ಪಿದವನು ಅವನು. ಋಷಿಯ ಆಕ್ಷೇಪವೂ ಅಷ್ಟೇ: ಅಲ್ಪ ಅಪರಾಧಕ್ಕೆ ವಿಪುಲ ದಂಡ. ದಂಡನೆ ಇರಬಾರದು ಎಂದು ಅವನು ಎಲ್ಲೂ ಹೇಳುವುದಿಲ್ಲ.

ಉತ್ತರ 2

ಮೇಲಿನ ಮಾತಿಗೆ ಒಂದು ಸೇರಿಕೆ. ಪ್ರಚಲಿತ ಪಾಠದಲ್ಲಿ (107, 108ನೇ ಅಧ್ಯಾಯ) ಯಮ ಸಮರ್ಥನೆಯನ್ನೂ ಕೊಡುತ್ತಾನೆ: ಸಣ್ಣ ದಾನದ ಪುಣ್ಯ ಬೆಳೆಯುವ ಹಾಗೆ ಸಣ್ಣ ಪಾಪದ ಫಲವೂ ಬೆಳೆಯುತ್ತದಂತೆ. ಜಾಣ ವಾದ. ಆದರೆ ಮುಂದಿನ ಪ್ರಶ್ನೆಗೇ ಬಿದ್ದುಹೋಗುತ್ತದೆ. ಯಾವಾಗ ಮಾಡಿದ್ದು ಎಂದು ಋಷಿ ಕೇಳಿದರೆ ಯಮನ ಉತ್ತರ: ಬಾಲ್ಯದಲ್ಲಿ. ಪರಿಷ್ಕೃತ ಪಾಠದಲ್ಲಿ ಬಾಲ್ಯದ ಮಾತು ನೇರವಾಗಿ ಇಲ್ಲ. ಋಷಿ ಹಾಕುವ ಕಟ್ಟಳೆಯಿಂದ ನಾವೇ ಊಹಿಸಬೇಕು: ಹದಿನಾಲ್ಕನೇ ವರ್ಷದವರೆಗೆ ಪಾತಕವಿಲ್ಲ, ಅದರಾಚೆ ಮಾಡಿದರೆ ದೋಷವೇ.

ಇದನ್ನು ಇಂದಿನ ಕಾನೂನಿಗೆ ನೇರ ಅಂಟಿಸಬೇಡಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ 7 ವರ್ಷದೊಳಗಿನ ಮಗುವಿನ ಕೃತ್ಯ ಅಪರಾಧವಲ್ಲ. 7ರಿಂದ 12ರವರೆಗೆ ತಿಳಿವಳಿಕೆ ಬಲಿತಿತ್ತೇ ಎಂದು ನೋಡುತ್ತಾರೆ. ಅದು ರಾಜದಂಡದ ವಿಷಯ. ಮಾಂಡವ್ಯನ ಮಿತಿ ಪಾಪದ ಲೆಕ್ಕಕ್ಕೆ. ಎರಡೂ ಬೇರೆ ಕಚೇರಿ.

ಪ್ರಶ್ನೆ ಕೇಳಿದವರು

ಸರಿ, ಒಪ್ಪಿದೆ. ಆದರೆ ಶಾಪವೂ ಅಳತೆ ಮೀರಿದ್ದೇ ಅಲ್ಲವೇ? ಶೂದ್ರಯೋನಿಯಲ್ಲಿ ಹುಟ್ಟು ಎನ್ನುವುದನ್ನೇ ಶಿಕ್ಷೆ ಮಾಡಿದ್ದಾರೆ.

ಉತ್ತರ 3

ಆ ಮುಳ್ಳನ್ನು ಮುಚ್ಚಿಡುವ ವ್ಯಾಖ್ಯಾನ ನನಗಂತೂ ಹಿಡಿಸದು. ಹುಟ್ಟನ್ನೇ ದಂಡನೆಯೆಂದು ಭಾವಿಸುವ ಸಮಾಜದ ಮಾತು ಋಷಿಯ ಬಾಯಲ್ಲಿ ಬಂದಿದೆ, ಅಷ್ಟೇ. ಅದಕ್ಕೆ ಕಥೆಯೇ ಕೊಡುವ ಏಟು ನೋಡಿ: ಆ ಶಾಪದಿಂದ ಯಮನೇ ದಾಸಿಯ ಮಗ ವಿದುರನಾಗಿ ಹುಟ್ಟುತ್ತಾನೆ. ಈ ವಿದುರ ಕುರುಸಭೆಯಲ್ಲಿ ಧರ್ಮದ ಮಾತಾಡುತ್ತಾನೆ, ಸಿಂಹಾಸನಕ್ಕೆ ಮಾತ್ರ ಹಕ್ಕಿಲ್ಲ. ದ್ಯೂತ ಬೇಡವೆಂದ, ಯಾರೂ ಕೇಳಲಿಲ್ಲ. ತೀರ್ಪು ಕೊಡುವ ಪೀಠದಲ್ಲಿದ್ದವನಿಗೆ ಬಾಯಿದ್ದೂ ಅಧಿಕಾರವಿಲ್ಲದ ಜಾಗ ಸಿಕ್ಕಿತು.

ಅಷ್ಟು ದಿನ ಯಮಲೋಕ ಖಾಲಿ ಬಿದ್ದಿತ್ತೇ ಎಂಬ ತುಂಟ ಪ್ರಶ್ನೆಗೂ ಭಾಗವತದ ಮೊದಲ ಸ್ಕಂಧ, 13ನೇ ಅಧ್ಯಾಯದಲ್ಲಿ ಉತ್ತರವಿದೆ: ಯಮ ಶಾಪ ಅನುಭವಿಸಿದ ನೂರು ವರ್ಷ ಅರ್ಯಮ ಎಂಬ ದೇವತೆ ದಂಡ ಹಿಡಿದಿದ್ದ. ಮಹಾಭಾರತದ ಮಟ್ಟಿಗೆ ಈ ಎಳೆ ಮುಗಿಯುವುದು ಆಶ್ರಮವಾಸಿಕ ಪರ್ವದಲ್ಲಿ. ಕಾಡಿನಲ್ಲಿ ಮರಕ್ಕೊರಗಿ ನಿಂತ ವಿದುರ ಯೋಗಬಲದಿಂದ ಯುಧಿಷ್ಠಿರನ ದೇಹವನ್ನು ಸೇರುತ್ತಾನೆ. ಮಾಂಡವ್ಯನ ಶಾಪದ ಮಾತನ್ನು ವ್ಯಾಸರು ಧೃತರಾಷ್ಟ್ರನಿಗೆ ಬಿಡಿಸಿ ಹೇಳುವುದೂ ಅಲ್ಲೇ. ಆದಿಪರ್ವದ ಜೊತೆಗೆ ಆ ಭಾಗವನ್ನೂ ಓದಿ.