ಸಹಾಯ ಬೇಕು: ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಯಾವ ಆಯಿಲ್?

ನನ್ನದು 1998ರ ಆಟೋಮ್ಯಾಟಿಕ್ ಕಾರು. ಇಂಜಿನ್ ತಣ್ಣಗಿರುವಾಗ ಎರಡನೇ ಗೇರಿನಿಂದ ಮೂರನೆಯದಕ್ಕೆ ಏರಲು ಅದು ಕ್ಷಣಕಾಲ ತಡವರಿಸಿ, ಸಣ್ಣ ಜರ್ಕ್ ಕೊಟ್ಟು ಬದಲಾಗುತ್ತದೆ. ಬಿಸಿಯಾದ ಮೇಲೆ ಯಾವ ತೊಂದರೆಯೂ ಇಲ್ಲ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಿಸಿಯಾದ ಇಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ತೆಗೆದು ನೋಡಿದೆ. ಮಟ್ಟ ಸರಿಯಾಗಿದೆ, ಆದರೆ ಕೆಂಪಗಿರಬೇಕಾದ ಆಯಿಲ್ ಬಿಳಿ ಬಟ್ಟೆಯ ಮೇಲೆ ಕಡುಕಂದು ಕಲೆ ಬಿಟ್ಟಿತು. ಸುಟ್ಟ ವಾಸನೆಯಾಗಲಿ ಲೋಹದ ಪುಡಿಯಾಗಲಿ ಇಲ್ಲ, ಅಷ್ಟೇ ಸಮಾಧಾನ.

ಕೈಪಿಡಿಯಲ್ಲಿ ಡೆಕ್ಸ್‌ರಾನ್ 3 (ಜನರಲ್ ಮೋಟಾರ್ಸ್ ರೂಪಿಸಿದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್‌ನ ದರ್ಜೆ) ಎಂದಿದೆ. ಜನರಲ್ ಮೋಟಾರ್ಸ್ ಅದರ ಪರವಾನಗಿಯನ್ನು 2006ರ ಕೊನೆಗೇ ನಿಲ್ಲಿಸಿರುವುದರಿಂದ, ಈಗ ಆ ಹೆಸರಿನಲ್ಲಿ ಸಿಗುವ ಡಬ್ಬಿಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂದು ತಿಳಿಯುತ್ತಿಲ್ಲ. ಬದಲಿಗೆ ಬಂದ ಡೆಕ್ಸ್‌ರಾನ್ 6 ಹೆಚ್ಚು ತೆಳುವಾದ್ದರಿಂದ ಹಳೆಯ ಸೀಲುಗಳು ಸೋರಿಯಾವೆಂಬ ಅಳುಕಿದೆ. ಗೇರ್‌ಬಾಕ್ಸಿನ ತಳದ ಪ್ಯಾನ್ ಬಿಚ್ಚಿ ಸುರಿದರೆ, ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರಿನೊಳಗಿನ ಹಳೆಯ ಆಯಿಲ್ ಹಾಗೆಯೇ ಉಳಿಯುತ್ತದೆ ಎಂದು ಒಬ್ಬ ಮೆಕ್ಯಾನಿಕ್ ಹಳೆಯದನ್ನೆಲ್ಲ ಹೊರತಳ್ಳುವ ಪೂರ್ತಿ ಫ್ಲಶ್ ಮಾಡಿಸಲು ಹೇಳಿದರೆ, ಇನ್ನೊಬ್ಬರು ಅದನ್ನು ಖಡಾಖಂಡಿತವಾಗಿ ಬೇಡವೆಂದರು.

ಇಂಥ ಗೇರ್‌ಬಾಕ್ಸ್‌ಗೆ ಡೆಕ್ಸ್‌ರಾನ್ 6 ಹಾಕಿ ಓಡಿಸಿದವರಿದ್ದೀರಾ? ಫಿಲ್ಟರ್ ಬದಲಿಸಿ, ಕೆಲವು ವಾರಗಳ ಅಂತರದಲ್ಲಿ ಎರಡು ಮೂರು ಬಾರಿ ಸುರಿದು ತುಂಬಿಸುವುದು ಸಾಕೇ, ಇಲ್ಲವೇ ಫ್ಲಶ್ ಮಾಡಿಸಲೇಬೇಕೇ?