ಬೀಳ್ಕೊಂಡೆವೋ, ಬೀಳ್ಕೊಟ್ಟೆವೋ?

ಎಲ್ಲರಿಗೂ ನಮಸ್ಕಾರ. ಒಂದು ಪ್ರವಾಸ ಲೇಖನದ ಕೊನೆಯ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ನಾನೂ ಧಾರವಾಡದ ಒಬ್ಬ ಗೆಳತಿಯೂ ಬೆನ್ನಿಗೊಂದೊಂದು ಚೀಲ ಹಾಕಿಕೊಂಡು ಇಪ್ಪತ್ತನಾಲ್ಕು ದಿನ ಯುರೋಪ್ ಸುತ್ತಿದೆವು. ಪ್ರಾಗ್, ವಿಯೆನ್ನಾ, ಲುಬ್ಲಿಯಾನಾ, ಟ್ರಿಯೆಸ್ಟೆ, ಕಡೆಗೆ ವೆನಿಸ್. ಅವಳು ಮ್ಯೂನಿಕ್‌ನಲ್ಲಿ ಓದುತ್ತಿದ್ದಾಳೆ, ವಯಸ್ಸಿನಲ್ಲಿ ಚಿಕ್ಕವಳು. ಕೊನೆಯ ದಿನ ವೆನಿಸ್‌ನ ಸಾಂತಾ ಲೂಚಿಯಾ ನಿಲ್ದಾಣದಿಂದ ಅವಳು ಮ್ಯೂನಿಕ್ ರೈಲು ಹತ್ತಬೇಕು, ನಾನು ಪಿಯಾತ್ಸಾಲೆ ರೋಮಾಕ್ಕೆ ನಡೆದು ವಿಮಾನ ನಿಲ್ದಾಣದ ಬಸ್ಸು ಹಿಡಿಯಬೇಕು. ನಿಲ್ದಾಣದ ಬಾಗಿಲು ದಾಟಿದರೆ ಅಗಲವಾದ ಮೆಟ್ಟಿಲು, ಮೆಟ್ಟಿಲ ಬುಡದಲ್ಲೇ ದೊಡ್ಡ ಕಾಲುವೆ. ಅಲ್ಲಿ ಕೂತು ಇಬ್ಬರ ಪಾಲಿನದೂ ಹಂಚಿಕೊಂಡೆವು. ಪ್ಲಗ್ಗಿನ ಅಡಾಪ್ಟರ್ ನನಗೆ, ಚಿಲ್ಲರೆ ಯೂರೋ ಅವಳಿಗೆ. ಅವರಮ್ಮ ಕಳಿಸಿದ್ದ ಶೇಂಗಾ ಚಟ್ನಿಪುಡಿ ತಳದಲ್ಲಿ ಎರಡು ಚಮಚದಷ್ಟು ಉಳಿದಿತ್ತು. ಅದನ್ನು ಹಂಚದೆ ಬ್ರೆಡ್ಡಿಗೆ ಸವರಿ ತಿಂದು ಮುಗಿಸಿದೆವು.

ಲೇಖನದಲ್ಲಿ 'ಅಲ್ಲಿ ನಾವು ಒಬ್ಬರನ್ನೊಬ್ಬರು ಬೀಳ್ಕೊಂಡೆವು' ಎಂದು ಬರೆದಿದ್ದೆ. ಓದಿದ ಸ್ನೇಹಿತರು 'ಬೀಳ್ಕೊಟ್ಟೆವು' ಎಂದು ತಿದ್ದಿದರು. ಅಲ್ಲಿಂದ ಶುರುವಾಯಿತು ನನ್ನ ಗೊಂದಲ.

ನಾನು ತಿಳಿದಂತೆ ಹೊರಡುವವರು ಬೀಳ್ಕೊಳ್ಳುತ್ತಾರೆ, ಉಳಿಯುವವರು ಬೀಳ್ಕೊಡುತ್ತಾರೆ. 'ಗುರುಗಳನ್ನು ಬೀಳ್ಕೊಂಡು ಹೊರಟ' ಎಂದರೆ ಹೊರಟವನು ಶಿಷ್ಯ. 'ಗುರುಗಳನ್ನು ಬೀಳ್ಕೊಟ್ಟ' ಎಂದರೆ ಹೊರಟವರು ಗುರುಗಳು. ಎರಡಕ್ಕೂ 'ಅನ್ನು' ಪ್ರತ್ಯಯವೇ ಬರುವುದರಿಂದ ಈಗ ಒಂದರ ಜಾಗದಲ್ಲಿ ಇನ್ನೊಂದು ನುಸುಳುತ್ತಿದೆ. ನಿವೃತ್ತರಾದವರಿಗೆ ಬೀಳ್ಕೊಡುಗೆ ಸಮಾರಂಭ ಮಾಡುತ್ತೇವೆ, ಆ ಹೆಸರು ಉಳಿದವರ ಕಡೆಯಿಂದ ಹುಟ್ಟಿದ್ದು. ಹೊರಡುವವರ ಕಡೆಯಿಂದ 'ಬೀಳ್ಕೊಳ್ಳುಗೆ' ಎಂಬ ಮಾತು ಬಳಕೆಯಲ್ಲಿಲ್ಲ. ಹೋಗುವವರಿಗೂ ಒಂದು ಹೆಸರುಪದ ಇರಬೇಕಿತ್ತು ಎಂದು ನನಗೆ ನಿಜಕ್ಕೂ ಅನ್ನಿಸುತ್ತದೆ.

ಈಗ ನಮ್ಮ ಪ್ರಸಂಗ. ಇಬ್ಬರೂ ಹೊರಟವರೇ. ಅವಳ ರೈಲು ಮೊದಲು ಹೊರಟಿತು, ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೈಬೀಸಿದೆ. ಹಾಗಾದರೆ ನಾನು ಬೀಳ್ಕೊಟ್ಟಂತಾಯಿತೇ? ಆದರೆ ಆ ಖಂಡದ ನಿವಾಸಿ ಅವಳು. ನಮ್ಮ ರೈಲು ಪಾಸುಗಳಲ್ಲೂ ಈ ವ್ಯತ್ಯಾಸ ಅಚ್ಚಾಗಿತ್ತು: ಯುರೋಪಿನಲ್ಲಿ ನೆಲೆಸಿದವರಿಗೆ 1972ರಲ್ಲಿ ಶುರುವಾದ ಇಂಟರ್‌ರೈಲ್, ಹೊರಗಿನಿಂದ ಬಂದವರಿಗೆ 1959ರ ಯೂರೈಲ್. ಒಂದೇ ಬೋಗಿ, ಅಕ್ಕಪಕ್ಕದ ಸೀಟು, ಹೆಸರು ಮಾತ್ರ ಬೇರೆ. ಮನೆಯವರು ಬೀಳ್ಕೊಡುವುದು ರೂಢಿ ಅನ್ನುವುದಾದರೆ ನನ್ನನ್ನು ಬೀಳ್ಕೊಡಬೇಕಾದವಳು ಅವಳು!

ಆಡುಮಾತಿನಲ್ಲಿ 'ರೈಲು ಹತ್ತಿಸಿ ಬಂದೆ' ಅನ್ನುತ್ತೇವೆ. ನನಗೆ ಬಲು ಇಷ್ಟದ ಮಾತು, ಆದರೆ ಇಲ್ಲಿ ಹೊಂದುತ್ತಿಲ್ಲ. ಹತ್ತಿಸಿದ್ದು ನಿಜ, 'ಬಂದೆ' ಎನ್ನಲು ಹಿಂತಿರುಗುವ ಮನೆ ಅಲ್ಲಿರಲಿಲ್ಲ.

ಬೇರೆ ಪದಗಳನ್ನೂ ಇಟ್ಟು ನೋಡಿದೆ. 'ಅಗಲಿದೆವು' ಎಂದರೆ ಪತ್ರಿಕೆಯ ನಿಧನವಾರ್ತೆ ನೆನಪಾಗುತ್ತದೆ. 'ಬೇರ್ಪಟ್ಟೆವು' ಎಂದರೆ ಜಗಳವಾಯಿತೇನೋ ಅನ್ನಿಸುತ್ತದೆ. 'ವಿದಾಯ ಹೇಳಿದೆವು' ಕ್ರಿಕೆಟಿಗರ ನಿವೃತ್ತಿ ಸುದ್ದಿಯಂತೆ ಕೇಳುತ್ತದೆ, ಮತ್ತೆಂದೂ ಸಿಗುವುದಿಲ್ಲವೆಂಬ ಭಾರ ಅದಕ್ಕಿದೆ.

ವೆನಿಸ್ಸಿನವರಿಗೆ ಈ ತೊಡಕಿಲ್ಲ. 'ಚಾವ್' ಹುಟ್ಟಿದ್ದೇ ಆ ಊರಿನ ನುಡಿಯಲ್ಲಿ, 'ನಾನು ನಿಮ್ಮ ದಾಸ' ಎಂಬ ಅರ್ಥದ ಮಾತು ಸವೆದು ಹಾಗಾಯಿತು. ವಿಯೆನ್ನಾದಲ್ಲಿ ಕೇಳಿದ 'ಸೆರ್ವುಸ್' ಕೂಡ ಲ್ಯಾಟಿನ್ನಿನ ಸೇವಕನೇ. ಎರಡನ್ನೂ ಸಿಕ್ಕಾಗಲೂ ಹೇಳಬಹುದು, ಹೊರಡುವಾಗಲೂ ಹೇಳಬಹುದು, ಹೋಗುವವರು ಇರುವವರು ಎಂಬ ಭೇದವಿಲ್ಲ. ನಮ್ಮ 'ಶರಣು' ಇದಕ್ಕೆ ತೀರ ಹತ್ತಿರ.

ಅಂದು ನಾವು ಹೇಳಿಕೊಂಡ ಮಾತನ್ನೂ ಬರೆದುಬಿಡುತ್ತೇನೆ. ಬಾಗಿಲಲ್ಲಿ ನಿಂತು ಅವಳು 'ಬರ್ತೇನ್ರಿ ಅಕ್ಕಾ' ಅಂದಳು. ಇದಕ್ಕೆ 'ಹೋಗಿ ಬಾ' ಎಂಬ ಉತ್ತರ ಚಿಕ್ಕಂದಿನಿಂದ ನಾಲಿಗೆಯ ಮೇಲಿರುವಂಥದ್ದು. ಆದರೆ ನನ್ನ ಬಾಯಿಂದ ಬಂದದ್ದೂ 'ಬರ್ತೀನಿ ಕಣೇ' ಎಂದೇ. ಇಬ್ಬರೂ 'ಬರ್ತೀನಿ' ಅಂದೆವು, 'ಹೋಗಿ ಬಾ' ಅನ್ನುವವರು ಯಾರೂ ಇರಲಿಲ್ಲ. ಆದ್ದರಿಂದಲೇ 'ಬೀಳ್ಕೊಂಡೆವು' ಸರಿ ಎಂದು ನನ್ನ ಮನಸ್ಸು ಹೇಳುತ್ತದೆ.

ಕೇಳಬೇಕಾದದ್ದು ಎರಡು. ಇಬ್ಬರೂ ಹೊರಡುವಾಗ 'ಒಬ್ಬರನ್ನೊಬ್ಬರು ಬೀಳ್ಕೊಂಡೆವು' ಎಂಬ ಪ್ರಯೋಗವನ್ನು ನೀವು ಒಪ್ಪುತ್ತೀರಾ? ಜಾತ್ರೆಯಿಂದಲೋ ಸಂತೆಯಿಂದಲೋ ಜೊತೆಯಾಗಿ ನಡೆದು ಬಂದವರು ದಾರಿ ಕವಲಾಗುವಲ್ಲಿ ತಂತಮ್ಮ ಊರಿಗೆ ತಿರುಗುವುದಕ್ಕೆ ನಿಮ್ಮ ಸೀಮೆಯಲ್ಲಿ ಬೇರೆ ಮಾತಿದೆಯೇ? ಕರಾವಳಿಯವರೂ ಕಲಬುರಗಿ ಕಡೆಯವರೂ ದಯವಿಟ್ಟು ಬರೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೇಳಿ ನೋಡಿ.