ಸೂಪರ್ 150 ಎಂಬ ಚೀಟಿ ನೋಡಿ ಮರುಳಾದ ಅಳಿಯನಿಗೆ

ಎಲ್ಲರಿಗೂ ನಮಸ್ಕಾರ. ಅಳಿಯಾ, ಮದುವೆಯ ಸೂಟಿನ ವಿಷಯವಾಗಿ ನಿನ್ನೆ ರಾತ್ರಿ ನೀನು ಮನೆಯವರ ಗುಂಪಿಗೆ ಹಾಕಿದ ಫೋಟೊ ನೋಡಿದೆ. ಹುಬ್ಬಳ್ಳಿಯ ಅಂಗಡಿಯ ರೆಡಿಮೇಡ್ ಸೂಟಿನ ತೋಳಿನ ಮೇಲೆ ‘ಸೂಪರ್ 150’ ಎಂಬ ಚೀಟಿ ಇದೆ, ನಾನು ಧಾರವಾಡದ ಟೇಲರ ಬಳಿ ತೋರಿಸಿದ ಬಟ್ಟೆ ಬರೀ 110, ಹಾಗಿದ್ದ ಮೇಲೆ ಹೊಲಿಸುವ ತಾಪತ್ರಯ ಏಕೆ ಎಂದು ಕೇಳಿದ್ದೀಯ. ಮಾಮಾ, ಅಂದರೆ ನಾನು, ತರಿಸುವ ಡಾರ್ಜೀಲಿಂಗ್ ಚಹಾದ ಪೊಟ್ಟಣದ ಮೇಲೂ ಇಂಥದೇ ಅಕ್ಷರಗಳ ಸಾಲು ಇರುತ್ತದಲ್ಲ ಎಂದು ನಕ್ಕಿದ್ದೀಯ. ನಗುನಗುತ್ತಲೇ ಸರಿಯಾದ ಜಾಗಕ್ಕೆ ಕೈ ಹಾಕಿದ್ದೀಯ. ಉತ್ತರ ಉದ್ದವಾಗುತ್ತದೆ, ಊಟ ಮುಗಿಸಿ ನಿಧಾನವಾಗಿ ಕೇಳು.

ಆ ಸಂಖ್ಯೆ ಹೇಳುವುದು ಉಣ್ಣೆಯ ಎಳೆ ಎಷ್ಟು ಸಣ್ಣದು ಎಂಬುದನ್ನು ಮಾತ್ರ. ಸೂಪರ್ 100 ಎಂದರೆ ಎಳೆಯ ದಪ್ಪ ಸರಾಸರಿ 18.75 ಮೈಕ್ರಾನ್ ಮೀರಬಾರದು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಅಲ್ಲಿಂದ ಸಂಖ್ಯೆ ಹತ್ತು ಏರಿದಂತೆ ಆ ಮಿತಿ ಅರ್ಧ ಮೈಕ್ರಾನ್ ಇಳಿಯುತ್ತದೆ. ನಿನ್ನ 150ರ ಮಿತಿ 16.25, ನನ್ನ 110ರದು 18.25. ಸಣ್ಣ ಎಳೆಯ ಬಟ್ಟೆ ಕೈಗೆ ಮೆತ್ತಗೆ ಹತ್ತುತ್ತದೆ, ನಿಜ. ಆದರೆ ಬೇಗ ಸುಕ್ಕಾಗುತ್ತದೆ, ಬೇಗ ಸವೆಯುತ್ತದೆ. ಮದುವೆಯ ನಂತರವೂ ಹತ್ತು ವರ್ಷ ತೊಡಬೇಕೆಂದರೆ 110, 120 ಧಾರಾಳವಾಗಿ ಸಾಕು. ಇನ್ನೊಂದು ಮಾತು: ಈ ಲೆಕ್ಕ ಉಣ್ಣೆಗೆ ಸಂಬಂಧಿಸಿದ್ದು. ಪಾಲಿಯೆಸ್ಟರ್ ಬೆರೆತ ಬಟ್ಟೆಗೂ ಧೈರ್ಯವಾಗಿ ಸಂಖ್ಯೆ ಅಂಟಿಸುವವರಿದ್ದಾರೆ. ಆದ್ದರಿಂದ ತೋಳಿನ ಚೀಟಿಗಿಂತ ಒಳಜೇಬಿನ ಬಳಿಯ ಚೀಟಿಯಲ್ಲಿ ಉಣ್ಣೆ ನೂರಕ್ಕೆ ಎಷ್ಟಿದೆ ಎಂಬುದನ್ನು ಮೊದಲು ಓದು.

ಯಾವ ಚೀಟಿಯೂ ಹೇಳದ ಸಂಗತಿ ಒಳಗೆ ಇರುತ್ತದೆ. ಕೋಟಿನ ಮುಂಭಾಗದಲ್ಲಿ, ಹೊರಬಟ್ಟೆಗೂ ಅಸ್ತರಕ್ಕೂ ನಡುವೆ, ಆಕಾರ ಹಿಡಿದು ನಿಲ್ಲಿಸುವ ಒಂದು ಪದರ ಇರುತ್ತದೆ. ಒಳ್ಳೆಯ ಕೋಟಿನಲ್ಲಿ ಅದು ಕ್ಯಾನ್ವಾಸ್: ಉಣ್ಣೆ, ಹತ್ತಿಗಳ ಜೊತೆ ಕುದುರೆಯ ಕೂದಲು ಸೇರಿಸಿ ನೇಯ್ದದ್ದು. ಅದನ್ನು ಎದೆಯ ಭಾಗಕ್ಕೂ ಲ್ಯಾಪೆಲ್ಲಿಗೂ (ಕಾಲರಿನಿಂದ ಇಳಿದು ಎದೆಯ ಮೇಲೆ ಹೊರಕ್ಕೆ ಮಡಚಿಕೊಳ್ಳುವ ಪಟ್ಟಿ) ಸಾವಿರಾರು ಸಣ್ಣ ಹೊಲಿಗೆಗಳಿಂದ, ಬಿಗಿಯಾಗದಂತೆ, ಬಟ್ಟೆಯನ್ನು ಬೆರಳಿನ ಮೇಲೆ ಬಾಗಿಸಿಕೊಂಡೇ ಹೊಲಿಯುತ್ತಾರೆ. ಹಾಗೆ ಬಾಗಿಸಿ ಹೊಲಿದದ್ದರಿಂದಲೇ ಲ್ಯಾಪೆಲ್ ಇಸ್ತ್ರಿಯ ಗೆರೆ ಹೊಡೆದಂತೆ ಮಡಚಿಕೊಳ್ಳದೆ ಉರುಳಿಕೊಂಡು ಇಳಿಯುತ್ತದೆ, ತೊಟ್ಟವನ ಮೈಗೆ ಕೋಟು ದಿನದಿನಕ್ಕೆ ಹೊಂದಿಕೊಳ್ಳುತ್ತದೆ. ಅಗ್ಗದ ಕೋಟಿನಲ್ಲಿ ಆ ಪದರವನ್ನು ಶಾಖ ಕೊಟ್ಟು ಅಂಟಿಸಿರುತ್ತಾರೆ. ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ನನ್ನ ಮದುವೆಯ ಸೂಟು ಅಂಥದ್ದು. ಮೂರನೆಯ ಸಲ ಡ್ರೈಕ್ಲೀನ್ ಆಗಿ ಬಂದಾಗ ಅದರ ಎದೆ ಹಂಚಿನ ಮೇಲಿನ ಜೋಳದ ರೊಟ್ಟಿಯಂತೆ ಉಬ್ಬಿತ್ತು. ಅಂಗಡಿಯವರು ತೊಳೆದವರ ತಪ್ಪು ಎಂದರು, ತೊಳೆದವರು ಅಂಗಡಿಯವರದು ಎಂದರು. ಕೋಟು ಮಾತ್ರ ಮತ್ತೆ ಮೈಮೇಲೆ ಏರಲಿಲ್ಲ. ಈಗಿನ ಅಂಟು ಆಗಿನದಕ್ಕಿಂತ ಎಷ್ಟೋ ಮೇಲು ಎಂಬುದನ್ನೂ ಒಪ್ಪುತ್ತೇನೆ. ಎದೆಯವರೆಗೆ ಕ್ಯಾನ್ವಾಸ್ ಹಾಕಿ ಕೆಳಗೆ ಅಂಟಿಸುವ ನಡುದಾರಿಯೂ ಉಂಟು, ಅದು ಕೆಟ್ಟದ್ದಲ್ಲ.

ಅಂಗಡಿಗೆ ಮತ್ತೆ ಹೋದರೆ ಕೆಳಗಿನ ಗುಂಡಿಯ ಕಾಜಾದ ಬಳಿ ಹೊರಬಟ್ಟೆಯನ್ನೂ ಅಸ್ತರವನ್ನೂ ಚಿವುಟಿ ಬೇರೆ ಬೇರೆ ಎಳೆದು ನೋಡು. ನಡುವೆ ಮೂರನೆಯ ಪದರವೊಂದು ಸಡಿಲವಾಗಿ ಓಡಾಡಿದರೆ ಕ್ಯಾನ್ವಾಸ್. ಹೊರಬಟ್ಟೆಯೇ ರಟ್ಟಿನಂತೆ ಬಿರುಸಾಗಿದ್ದರೆ ಅಂಟು. ನಿನ್ನ ಅಜ್ಜಿ ಗದಗ-ಬೆಟಗೇರಿಯ ಸೀರೆ ಕೊಳ್ಳುವಾಗ ಸೆರಗನ್ನು ಬೆರಳುಗಳ ನಡುವೆ ತಿಕ್ಕಿ, ಒಳಮೈ ತಿರುವಿ ನೋಡದೆ ಬೆಲೆ ಕೇಳಿದವಳಲ್ಲ. ಅದೇ ಮನೆಯ ಹುಡುಗ ನೀನು, ಚೀಟಿ ಓದಿ ಬಂದಿದ್ದೀಯ! ಭುಜವನ್ನೂ ನೋಡು. ಸೊಂಟ, ತೋಳಿನ ಉದ್ದ, ಪ್ಯಾಂಟು ಇವನ್ನೆಲ್ಲ ಆಮೇಲೆ ತಿದ್ದಬಹುದು. ಭುಜ ತಪ್ಪಿದರೆ ಕೋಟನ್ನು ಬಿಚ್ಚಿ ಮತ್ತೆ ಕಟ್ಟಿದಷ್ಟು ಕೆಲಸ.

ಇನ್ನು ಚಹಾ. ಪೊಟ್ಟಣದ ಮೇಲಿನ ‘ಎಫ್‌ಟಿಜಿಎಫ್‌ಒಪಿ’ ಎಂಬ ಬಾಲ ಹೇಳುವುದು ಎಲೆ ಇಡಿಯಾಗಿದೆ, ಚಿಗುರುಮೊಗ್ಗು ಹೇರಳವಾಗಿದೆ ಎಂಬುದನ್ನು. ರುಚಿಯ ಬಗ್ಗೆ ಅದು ಆಣೆ ಇಡುವುದಿಲ್ಲ. ನಮ್ಮ ಧಾರವಾಡ ಫೇಡೆಯಂತೆ ಡಾರ್ಜೀಲಿಂಗ್ ಚಹಾಕ್ಕೂ ಜಿಐ, ಅಂದರೆ ಇದು ಆ ಊರಿನದೇ ಎಂಬ ಭೌಗೋಳಿಕ ಗುರುತು ಇದೆ, ದೇಶದಲ್ಲಿ ಆ ಗುರುತು ಮೊದಲು ಸಿಕ್ಕಿದ್ದೇ ಅದಕ್ಕೆ. ಆದರೆ ಜಿಐ ಇದೆ ಎಂದ ಮಾತ್ರಕ್ಕೆ ಎಲ್ಲ ಫೇಡೆಯೂ ಒಂದೇ ಎಂದು ಧಾರವಾಡದವರ ಮುಂದೆ ಹೇಳಿ ನೋಡು. ಎಲೆಯನ್ನು ಎಷ್ಟು ಹೊತ್ತು ಬಾಡಿಸಿದರು, ಹೇಗೆ ಹೊಸೆದರು, ಗಾಳಿಗೆ ಬಿಟ್ಟು ಕೆಂಪಾಗುವುದನ್ನು ಯಾವ ಗಳಿಗೆಯಲ್ಲಿ ಬಿಸಿ ಕೊಟ್ಟು ನಿಲ್ಲಿಸಿದರು, ರುಚಿ ನಿಂತಿರುವುದು ಇದರ ಮೇಲೆ. ಮಾರ್ಚ್-ಏಪ್ರಿಲ್‌ನ ಮೊದಲ ಕೊಯ್ಲು ತಿಳಿಬಣ್ಣದ್ದು, ಹೂವಿನ ಪರಿಮಳದ್ದು. ಮೇ-ಜೂನ್‌ನ ಎರಡನೆಯದರಲ್ಲಿ ಮಾಗಿದ ದ್ರಾಕ್ಷಿಯಂಥ ಘಮ ಬರುತ್ತದೆ. ಸಣ್ಣ ಜಿಗಿಹುಳು ಎಲೆಯ ರಸ ಹೀರಿದಾಗ ಗಿಡ ತನ್ನ ರಕ್ಷಣೆಗೆ ಹೊರಡಿಸುವ ವಸ್ತುಗಳಿಗೂ ಆ ಘಮಕ್ಕೂ ನಂಟಿದೆ. ಹುಳು ಮುಟ್ಟಿದ ಎಲೆಗೆ ಹೆಚ್ಚು ಹಣ ಕೊಡುವ ಮಾಮಾ ಎಂದು ಈಗ ಧಾರಾಳವಾಗಿ ನಗಬಹುದು.

ಹಾಗೆಂದು ನಮ್ಮ ಮನೆಯ ಹಾಲಿನ ಚಹಾವನ್ನು ನಾನು ಹಳಿಯುತ್ತಿಲ್ಲ. ಅದಕ್ಕೆ ಸಿಟಿಸಿ ಯಂತ್ರದ ಕಾಳುಕಾಳು ಚಹಾವೇ ಸರಿ. ಎಲೆಯನ್ನು ಜಜ್ಜಿ, ಹರಿದು, ಕಾಳಿನಂತೆ ಸುತ್ತಿಸುವ ಆ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿದ್ದು. ಕಾಳು ಸಣ್ಣದಾದ್ದರಿಂದ ಬಣ್ಣ, ಒಗರು ಬೇಗ ಬಿಡುತ್ತದೆ, ಹಾಲು, ಸಕ್ಕರೆ, ಶುಂಠಿ ಎಲ್ಲವನ್ನೂ ತಡೆದುಕೊಳ್ಳುತ್ತದೆ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಗಿರ್ಮಿಟ್, ಮಿರ್ಚಿ ತಿಂದ ಮೇಲೆ ಡಾರ್ಜೀಲಿಂಗ್ ಕೇಳುವಷ್ಟು ಹುಚ್ಚ ನಾನಲ್ಲ.

ಮೇ ತಿಂಗಳ ಮದುವೆ, ನಮ್ಮ ಕಡೆಯ ಸೆಕೆ ನಿನಗೆ ಗೊತ್ತೇ ಇದೆ. ಮೀಟರಿಗೆ 250 ಗ್ರಾಂ ಸುಮಾರು ತೂಗುವ, ಗಾಳಿಯಾಡುವ ಸಾದಾ ನೇಯ್ಗೆಯ ಉಣ್ಣೆ ತೆಗೆದುಕೊಳ್ಳೋಣ, ಬೆನ್ನಿಗೆ ಅರ್ಧ ಅಸ್ತರ ಸಾಕು. ಮೂರೂಕಾಲು ಮೀಟರ್ ಬೇಕಾಗುತ್ತದೆ. ಟೇಲರು ಎರಡು ಟ್ರಯಲ್ ಕೇಳಿದ್ದಾರೆ, ಆದ್ದರಿಂದ ಈ ಭಾನುವಾರವೇ ಧಾರವಾಡಕ್ಕೆ ಬಾ. ಅಳತೆಗೆ ಬರುವಾಗ ಮದುವೆಯ ದಿನ ತೊಡುವ ಬೂಟನ್ನೇ ಹಾಕಿಕೊಂಡು ಬಾ, ಪ್ಯಾಂಟಿನ ಉದ್ದ ಅದರ ಮೇಲೆಯೇ ನಿರ್ಧಾರವಾಗುವುದು. ಅಕ್ಕಾ, ನೀನೂ ಬರುವುದಾದರೆ ಸಂತೋಷ. ಆದರೆ ಹೋದ ಸಲದಂತೆ ನನ್ನ ಡಬ್ಬಿಯ ಎಲೆಯನ್ನು ಶುಂಠಿ ಹಾಕಿ ಹತ್ತು ನಿಮಿಷ ಕುದಿಸಬೇಡ. ನೀರು ಕುದಿದ ಮೇಲೆ ಇಳಿಸಿ, ಎಲೆ ಹಾಕಿ, ಮೂರು ನಿಮಿಷ ಮುಚ್ಚಿಟ್ಟರೆ ಸಾಕು. ಹಾಲಿನ ಚಹಾಕ್ಕೆ ಬೇರೆ ಡಬ್ಬಿ ಇಟ್ಟಿದ್ದೇನೆ, ಕೆಂಪು ಮುಚ್ಚಳದ್ದು.